ಮೆಣಸು ಅಂದ್ರೆ ಯಾವ ಮೆಣಸು? ಬಾಟಲಿ ಚೀಟಿ ಮೇಲೆ ಏನು ಬರೆಯೋಣ?

ಕರಾವಳಿ ಅಡುಗೆ, ಕುಮಟಾ

ಎಲ್ಲರಿಗೂ ನಮಸ್ಕಾರ. ನಮ್ಮ ಮಹಿಳಾ ಸಂಘದವರು ಹೆದ್ದಾರಿ ಬದಿಯಲ್ಲಿ ಮಸಾಲೆ ಸಾಮಾನಿನ ಒಂದು ಸಣ್ಣ ಅಂಗಡಿ ಇಟ್ಟಿದ್ದೇವೆ. ಗೋಕರ್ಣ, ಮುರ್ಡೇಶ್ವರಕ್ಕೆ ಹೋಗುವವರು ಗಾಡಿ ನಿಲ್ಲಿಸಿ ಕೊಳ್ಳುತ್ತಾರೆ. ಈಗ ಬಾಟಲಿಗಳಿಗೆ ಹೊಸ ಚೀಟಿ ಅಚ್ಚು ಹಾಕಿಸಬೇಕು. ತಕರಾರು ಶುರುವಾಗಿದ್ದೇ ಅಲ್ಲಿ.

ನಮ್ಮಲ್ಲಿರುವುದು ಇವು: ಒಣಗಿಸಿದ ಕರಿ ಕಾಳು, ಸಿಪ್ಪೆ ತೆಗೆದ ಬಿಳಿ ಕಾಳು, ಉಪ್ಪುನೀರಿನಲ್ಲಿ ಹಾಕಿದ ಹಸಿ ಗೊಂಚಲು, ಸೂಜುಮೆಣಸು, ಹಿಪ್ಪಲಿ, ಮತ್ತೆ ಮೀನು ಸಾರಿಗೆ ಹಾಕುವ ತೆಪ್ಪಳ. ಮೊದಲನೆಯದಕ್ಕೆ ಶಿರಸಿ ಕಡೆಯವರು ಕಾಳುಮೆಣಸು ಅಂತಾರೆ. ಭಟ್ಕಳ ಕಡೆಯವರು ಒಳ್ಳೆಮೆಣಸು ಅಂತಲೇ ಹಾಕಿ ಅಂತಾರೆ. ಕಾರವಾರದವರಿಗೆ ಅದು ಮಿರಿ. ಬರೀ 'ಮೆಣಸು' ಅಂತ ಬರೆದರೆ ಹುಬ್ಬಳ್ಳಿ ಕಡೆಯ ಗಿರಾಕಿಗಳು ಕೆಂಪು ಮೆಣಸಿನಕಾಯಿ ಎಲ್ಲಿ ಅಂತ ಕೇಳುತ್ತಾರೆ. ಅಚ್ಚಿನ ಅಂಗಡಿಯವನು ಮಾತ್ರ ಆರಾಮಾಗಿದ್ದಾನೆ. 'ಎಲ್ಲದಕ್ಕೂ ಪೆಪ್ಪರ್ ಅಂತ ಹಾಕಿಬಿಡಿ ಅಕ್ಕಾ, ಖರ್ಚು ಕಡಿಮೆ' ಅಂತಾನೆ. ಹಾಗೆ ಹಾಕಿದರೆ ತೆಪ್ಪಳವೂ ಪೆಪ್ಪರ್, ದೊಣ್ಣೆಮೆಣಸೂ ಪೆಪ್ಪರ್!

ತಿಳಿದವರು ಹೇಳಿ. ಹೆಸರಿನ ಜೊತೆಗೆ ಎರಡು ಸಾಲು ವಿವರವನ್ನೂ ಹಾಕುವ ಯೋಚನೆ ಇದೆ.

ತೋಟದ ದಾರಿ, ಶಿರಸಿ

ಕಾಳುಮೆಣಸು ಅಂತ ಹಾಕಿ. ಇಡೀ ಕರ್ನಾಟಕಕ್ಕೆ ಅರ್ಥ ಆಗುತ್ತದೆ. ಅದಕ್ಕಿಂತ ಮುಖ್ಯ ಯಾವ ತಳಿ, ಯಾವ ಊರಿನದು ಅನ್ನೋದು. ಅದನ್ನು ಯಾರೂ ಬರೆಯೋದಿಲ್ಲ. ಸಂಜೆ ಬಿಡುವಾದಾಗ ಬರೆಯುತ್ತೇನೆ, ಈಗ ಆಳುಗಳು ಬಂದಿದ್ದಾರೆ.

ಬಂಗಡೆ ಸಾರು, ಕಾರವಾರ

ನಮ್ಮಲ್ಲಿ ಗೊಂದಲವೇ ಇಲ್ಲ ನೋಡಿ. ಕೊಂಕಣಿಯಲ್ಲಿ ಕರಿ ಕಾಳು ಮಿರಿ, ಖಾರದ ಕಾಯಿ ಮಿರ್ಸಾಂಗ. ಎರಡಕ್ಕೂ ಬೇರೆ ಬೇರೆ ಹೆಸರು. ಕನ್ನಡದವರು ಕಾಯಿಗೂ ಮೆಣಸು, ಕಾಳಿಗೂ ಮೆಣಸು ಅಂದು ಕೂತಿದ್ದೀರಿ. ನಮ್ಮ ಮನೆಯಲ್ಲಿ ಅರ್ಧ ಕನ್ನಡ, ಅರ್ಧ ಕೊಂಕಣಿ. ಹಾಗಾಗಿ ಅಂಗಡಿ ಚೀಟಿಯಲ್ಲಿ 'ಮೆಣಸು 100 ಗ್ರಾಂ' ಅಂತ ಇದ್ದರೆ ಬರೆದವರು ಯಾರು ಅಂತ ಮೊದಲು ನೋಡಬೇಕು.

ತೆಪ್ಪಳದ ಬಗ್ಗೆ ನಾನು ಬರೆಯುತ್ತೇನೆ. ಅದನ್ನು ಬೇರೆ ಯಾರೂ ಮುಟ್ಟಬೇಡಿ.

ಹಳೇ ಮಾಸ್ತರು, ಹೊನ್ನಾವರ

ಕಾರವಾರದವರು ಕನ್ನಡದ ಕಿವಿ ಹಿಂಡಿದ್ದಾರೆ, ಸ್ವಲ್ಪ ಉತ್ತರ ಕೊಡಲೇಬೇಕು. ಮೆಣಸು ಅನ್ನುವುದು ಮೊದಲಿನಿಂದಲೂ ಕರಿ ಕಾಳಿನ ಹೆಸರೇ. ಖಾರದ ಕಾಯಿ ನಮ್ಮದಲ್ಲ, ಅಮೆರಿಕ ಖಂಡದ್ದು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಆಮೇಲೆ ಪೋರ್ಚುಗೀಸರ ಹಡಗುಗಳಲ್ಲಿ ಈ ಕಾಯಿ ಬಂತು. ಜನ ತಿಂದು ನೋಡಿದರು, ಖಾರ ಇತ್ತು. ಮೆಣಸಿನ ಹಾಗೆ ಖಾರ ಇರುವ ಕಾಯಿ ಅಂತ 'ಮೆಣಸಿನಕಾಯಿ' ಅಂದರು. ಕೊನೆಗೆ ಹೊಸಬನದೇ ದರಬಾರು ಆಯಿತು. ಹಳೆಯದನ್ನು ಗುರುತಿಸಲು ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು ಅಂತ ಬಾಲ ಹಚ್ಚಬೇಕಾಯಿತು. ತುಳುವಿನವರೂ ಇದನ್ನು ಎಡ್ಡೆ ಮುಂಚಿ ಅಂತಾರೆ, ಅಂದರೆ ಒಳ್ಳೆಯ ಮೆಣಸು. ಪೋರ್ಚುಗೀಸರಲ್ಲೂ ಇದೇ ಕತೆ. ಅವರ 'ಪಿಮೆಂತ' ಕಾಳಿಗೂ ಸಲ್ಲುತ್ತದೆ, ಕಾಯಿಗೂ ಸಲ್ಲುತ್ತದೆ.

ಪಿಮೆಂತ ಅಂದಾಗ ನಮ್ಮ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಬಿಡುವ ಹಾಗಿಲ್ಲ. 1552ರಿಂದ 1606ರ ತನಕ ಆಳಿದವಳು. ಪೋರ್ಚುಗೀಸರು ಅವಳನ್ನು 'ರೈನ ದ ಪಿಮೆಂತ', ಮೆಣಸಿನ ರಾಣಿ ಅಂತ ಕರೆದರು. ಹೊಗಳಿಕೆಗಿಂತ ಹೆಚ್ಚಾಗಿ ಅದರಲ್ಲಿ ವ್ಯಾಪಾರದ ಹೊಟ್ಟೆಕಿಚ್ಚು ಇತ್ತು ಅಂತ ನನ್ನ ಎಣಿಕೆ. ಘಟ್ಟದ ಮೇಲಿನ ಮೆಣಸು ಕೆಳಗಿಳಿದು ಶರಾವತಿಯಲ್ಲಿ ದೋಣಿ ಹತ್ತಿ ಹೊನ್ನಾವರ ಬಂದರಿಗೆ ಬರುತ್ತಿತ್ತು. ಆ ದಾರಿ ಅವಳ ಕೈಯಲ್ಲಿತ್ತು. ಅದಕ್ಕೇ ಅವರು ಅವಳ ಮೇಲೆ ದಂಡೆತ್ತಿ ಬಂದರು, ಅದಕ್ಕೇ ಅವಳ ಜೊತೆ ಒಪ್ಪಂದವನ್ನೂ ಬಯಸಿದರು. ಅವಳ ಮಿರ್ಜಾನ್ ಕೋಟೆ ನೋಡಲು ಹೋಗುವವರು ಫೋಟೋ ತೆಗೆದುಕೊಂಡು ಬರುತ್ತಾರೆ. ಆ ಕಲ್ಲಿನ ಹಿಂದೆ ಮೆಣಸಿನ ದುಡ್ಡಿದೆ ಅಂತ ಎಷ್ಟು ಜನರಿಗೆ ಗೊತ್ತು?

ಕಾರವಾರಕ್ಕೆ ಇಂಗ್ಲಿಷರು 1638ರಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ಹಾಕಿದ್ದೂ ಬಟ್ಟೆಗೆ ಮತ್ತು ಮೆಣಸಿಗೆ. ಆಗ ಸೋದೆ ಸೀಮೆಯ ಮೆಣಸಿಗೆ ಒಳ್ಳೆಯ ಹೆಸರು. ಕುಮಟಾದ ತಂಗಿ, ಚೀಟಿ ಮೇಲೆ ರಾಣಿಯ ಹೆಸರು ಒಂದು ಸಾಲು ಹಾಕಿ, ಗಿರಾಕಿಗಳು ಓದುತ್ತಾರೆ.

ಬೆಂಗಳೂರಲ್ಲಿ ಇದ್ದವ

ಮಾಸ್ತರೇ, ಒಂದು ಸಂಶಯ. 'ತಲೆ ಮೇಲೆ ಮೆಣಸು ಅರೆಯೋದು' ಅಂತಾರಲ್ಲ, ಅದು ಯಾವ ಮೆಣಸು? ನಮ್ಮ ಆಫೀಸಿನಲ್ಲಿ ದಿನಾ ಅರೆಯುತ್ತಾರೆ, ಎರಡೂ ಇದ್ದ ಹಾಗಿದೆ.

ಹಳೇ ಮಾಸ್ತರು, ಹೊನ್ನಾವರ

ಅರೆಯುವವರನ್ನೇ ಕೇಳಬೇಕು ತಮ್ಮಾ.

ಅಪ್ಪೆಹುಳಿ, ಸಿದ್ದಾಪುರ

ಅಡುಗೆಮನೆ ಲೆಕ್ಕ ನಾನು ಹೇಳುತ್ತೇನೆ. ಮೆಣಸಿನಕಾಯಿ ಹೊರಗಿನದು ಅನ್ನೋದಕ್ಕೆ ಪುಸ್ತಕ ಬೇಡ, ತಿಥಿ ಊಟ ನೋಡಿದರೆ ಸಾಕು. ನಮ್ಮಲ್ಲಿ ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ ಹಾಕುವುದಿಲ್ಲ. ಸಾರು, ಪಲ್ಯ ಎಲ್ಲದಕ್ಕೂ ಕಾಳುಮೆಣಸೇ. ಬಟಾಟೆ, ಟೊಮೆಟೊ ಕೂಡ ಆ ದಿನ ಒಳಗೆ ಬರುವುದಿಲ್ಲ. ಅವೂ ಹೊರಗಿನಿಂದ ಬಂದವೇ ಅಲ್ವಾ? ಹಳೆಯ ಅಡುಗೆ ಹೇಗಿತ್ತು ಅಂತ ತಿಳಿಯಬೇಕಾದರೆ ಆ ಎಲೆಯಲ್ಲಿ ಬಡಿಸಿದ್ದನ್ನು ನೋಡಿ.

ಬಾಣಂತಿಗೂ ಹಾಗೇ. ಕಾಳುಮೆಣಸು, ಜೀರಿಗೆ, ತುಪ್ಪ ಹಾಕಿದ ಸಾರು. ಮಳೆಗಾಲದಲ್ಲಿ ಗಂಟಲು ಕಟ್ಟಿದರೆ ಕಷಾಯ. ಸೆಕೆಗಾಲದಲ್ಲಿ ತಂಬ್ಳಿಗೆ ನಾಲ್ಕು ಕಾಳು, ಜೀರಿಗೆಯ ಜೊತೆ ತುಪ್ಪದಲ್ಲಿ ಹುರಿದು. ಇನ್ನು ಸೂಜುಮೆಣಸು ಬೇರೆಯೇ ಜಾತಿ. ಹಿತ್ತಿಲಲ್ಲಿ ಯಾರೂ ನೆಡದೆ ಹುಟ್ಟುತ್ತದೆ, ಹಕ್ಕಿ ತಂದು ಹಾಕುತ್ತದೆ. ಅಪ್ಪೆಹುಳಿಗೆ ಅದನ್ನೇ ನುರಿಯಬೇಕು. ಅದರ ಖಾರಕ್ಕೆ ಒಂದು ಪರಿಮಳ ಇದೆ, ಅಂಗಡಿಯ ಹಸಿಮೆಣಸಿನಲ್ಲಿ ಅದು ಸಿಗುವುದಿಲ್ಲ. ಕೆಲವರು ಇದಕ್ಕೆ ಜೀರಿಗೆ ಮೆಣಸು ಅಂತಾರೆ, ಗಾಂಧಾರಿ ಅಂತಾರೆ. ಚೀಟಿಯಲ್ಲಿ ಸೂಜುಮೆಣಸು ಅಂತಲೇ ಇರಲಿ.

ಹಸಿ ಕಾಳಿನ ಗೊಂಚಲಿಗೆ ನಿಂಬೆರಸ ಹಾಕಿದ್ದೀರಾ, ಬರೀ ಉಪ್ಪುನೀರೋ? ನಿಂಬೆರಸ ಹಾಕಿದರೆ ಕಾಳು ಕಪ್ಪಾಗುವುದು ಕಡಿಮೆ, ರುಚಿಯೂ ಜಾಸ್ತಿ.

ಎಲೆಬಳ್ಳಿ

ನಾನು ಅಂಕೋಲಾದವನು, ಸಸ್ಯಶಾಸ್ತ್ರ ಓದಿದವನು. ಹೆಸರಿನ ಜಗಳ ಬಿಟ್ಟು ಗಿಡ ನೋಡಿದರೆ ವಿಷಯ ಸಲೀಸು.

ಕಾಳುಮೆಣಸು, ಹಿಪ್ಪಲಿ, ಬಾಲಮೆಣಸು, ವೀಳ್ಯದೆಲೆ ಇವೆಲ್ಲ ಒಂದೇ ಕುಲ, ಪೈಪರ್. ನಾವು ಕವಳಕ್ಕೆ ಹಾಕುವ ಎಲೆಯೂ ಮೆಣಸಿನ ದಾಯಾದಿ. ಎರಡರ ಎಲೆ ಅಕ್ಕಪಕ್ಕ ಹಿಡಿದು ನೋಡಿ, ಕಾಣುತ್ತದೆ. ಬಾಲಮೆಣಸು ಜಾವಾ ಕಡೆಯದು, ಕಾಳಿಗೆ ತೊಟ್ಟಿನ ಬಾಲ ಅಂಟಿಕೊಂಡಿರುತ್ತದೆ. ಹಿಪ್ಪಲಿ ಸಣ್ಣ ಕಾಳುಗಳು ಒತ್ತಾಗಿ ಕೂಡಿದ ಉದ್ದನೆಯ ಕಡ್ಡಿ. ಶುಂಠಿ, ಮೆಣಸು, ಹಿಪ್ಪಲಿ ಸೇರಿದರೆ ವೈದ್ಯರ ತ್ರಿಕಟು. ಇದರಲ್ಲಿ ಒಂದು ತಮಾಷೆ ಇದೆ. ಸಂಸ್ಕೃತದ ಪಿಪ್ಪಲಿ ಗ್ರೀಕರ ಬಾಯಲ್ಲಿ ಪೆಪೆರಿ ಆಯಿತು, ಲ್ಯಾಟಿನ್‌ನಲ್ಲಿ ಪೈಪರ್ ಆಯಿತು, ಇಂಗ್ಲಿಷಿಗೆ ಬಂದು ಪೆಪ್ಪರ್ ಆಯಿತು. ಅಂದರೆ ಅಚ್ಚಿನವನು ಹೇಳಿದ ಪೆಪ್ಪರ್ ಅನ್ನುವ ಹೆಸರು ನ್ಯಾಯವಾಗಿ ನಿಮ್ಮ ಹಿಪ್ಪಲಿ ಬಾಟಲಿಗೆ ಸೇರಬೇಕು!

ಮೆಣಸಿನಕಾಯಿ, ಸೂಜುಮೆಣಸು, ದೊಣ್ಣೆಮೆಣಸು ಇವು ಬದನೆ, ಟೊಮೆಟೊ ಕುಟುಂಬದವು. ತೆಪ್ಪಳ ನಿಂಬೆಯ ಕುಟುಂಬದ್ದು. ಕಾಳಿನ ಖಾರ ಪೈಪರಿನ್‌ನಿಂದ, ಕಾಯಿಯ ಖಾರ ಕ್ಯಾಪ್ಸೈಸಿನ್‌ನಿಂದ. ಎರಡೂ ನಾಲಿಗೆಯ ಮೇಲೆ ಬಿಸಿಯನ್ನು ಗುರುತಿಸುವ ಒಂದೇ ಜಾಗವನ್ನು ತಟ್ಟುತ್ತವೆ. ಅದಕ್ಕೇ 'ಬಾಯಿ ಸುಟ್ಟಿತು' ಅಂತೀವಿ. ಸಿದ್ದಾಪುರದ ಅಕ್ಕ ಹೇಳಿದ ಹಕ್ಕಿ ವಿಷಯವೂ ಸರಿ. ಹಕ್ಕಿಗಳಿಗೆ ಕ್ಯಾಪ್ಸೈಸಿನ್ ಖಾರ ತಾಗುವುದಿಲ್ಲ. ಹಣ್ಣು ನುಂಗುತ್ತವೆ, ಬೀಜ ಹಾಗೇ ಹೊರಗೆ ಬರುತ್ತದೆ. ನಿಮ್ಮ ಹಿತ್ತಿಲಿಗೆ ಪುಕ್ಕಟೆ ಸಸಿ.

ತೋಟದ ದಾರಿ, ಶಿರಸಿ

ಬಂದೆ. ಈಗ ತಳಿ ವಿಷಯ.

ಅಡಿಕೆ ಮರಕ್ಕೆ ಹಬ್ಬಿದ್ದೆಲ್ಲ ಒಂದೇ ಮೆಣಸು ಅಂತ ಪೇಟೆಯವರು ತಿಳಿದಿದ್ದಾರೆ. ನಮ್ಮ ತೋಟದಲ್ಲೇ ಪಕ್ಕಪಕ್ಕದ ಮರದ ಬಳ್ಳಿಗಳ ಎಲೆ ಬೇರೆ, ಕರೆ ಬೇರೆ, ಕಾಳು ಬೇರೆ. ಗೊತ್ತಿಲ್ಲದವರಿಗೆ: ಕಾಳು ಕೂತ ದಾರವನ್ನು ನಾವು ಕರೆ ಅಂತೀವಿ. ನಮ್ಮ ಸೀಮೆಯ ಹಳೇ ಹೆಸರು ಮಲ್ಲಿಸರ. ಅದರಲ್ಲೇ ಕರಿಮಲ್ಲಿಸರ, ಬಿಳಿಮಲ್ಲಿಸರ ಅಂತ ಇದೆ. ಉದ್ದಗರೆ ಅಂತ ಇನ್ನೊಂದು, ಹೆಸರೇ ಹೇಳುತ್ತದೆ. ಸಿದ್ದಾಪುರ ಕಡೆ ರೈತರೇ ಆರಿಸಿ ಉಳಿಸಿದ ಸಿಗಂದಿನಿ ಇದೆ, ಉದ್ದ ಕರೆ, ದಪ್ಪ ಕಾಳು. ಇವೆಲ್ಲ ಯಾವುದೋ ಕಾಲದಲ್ಲಿ ಯಾರೋ ಒಳ್ಳೆ ಬಳ್ಳಿ ನೋಡಿ, ತುಂಡು ತಂದು ನೆಟ್ಟು ಬಂದವು. ಕಾಗದದಲ್ಲಿ ದಾಖಲೆ ಇಲ್ಲ, ಬಳ್ಳಿಯೇ ದಾಖಲೆ.

ಕೇರಳದಿಂದ ಬಂದದ್ದು ಕರಿಮುಂಡ. ಸಣ್ಣ ಎಲೆ, ನೆರಳಲ್ಲೂ ಬರುತ್ತದೆ. ಆಮೇಲೆ ಪಣಿಯೂರು-1. ಕಣ್ಣೂರು ಜಿಲ್ಲೆಯ ಪಣಿಯೂರು ಸಂಶೋಧನಾ ಕೇಂದ್ರದವರು ಉತಿರನ್‌ಕೊಟ್ಟ ಮತ್ತು ಚೆರಿಯಕಣಿಯಕ್ಕಾಡನ್ ಅನ್ನುವ ಎರಡು ತಳಿ ಕೂಡಿಸಿ ಮಾಡಿದ ಮಿಶ್ರತಳಿ. ಮೆಣಸಿನಲ್ಲಿ ಅಂಥದ್ದು ಅದೇ ಮೊದಲು. ಕಲ್ಲಿಕೋಟೆಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯಿಂದ ಶ್ರೀಕರ, ಶುಭಕರ ಬಂದವು. ಎರಡೂ ಕರಿಮುಂಡದಿಂದಲೇ ಆರಿಸಿದ್ದು. ಬೇರಿನ ಜಂತುಹುಳ ತಡೆಯುತ್ತದೆ ಅಂತ ಪೌರ್ಣಮಿ, ಸೊರಗು ರೋಗ ಸ್ವಲ್ಪ ತಾಳುತ್ತದೆ ಅಂತ ತೇವಂ.

ನನ್ನ ಮಾತು ಇಷ್ಟೇ. ಪಣಿಯೂರು-1 ಬಂದ ಮೇಲೆ ಎಲ್ಲರೂ ಹಳೇ ಬಳ್ಳಿ ಕಿತ್ತು ಅದನ್ನೇ ನೆಟ್ಟರು. ಅದಕ್ಕೆ ಬೆಳಕು ಬೇಕು. ನಮ್ಮ ದಟ್ಟ ಅಡಿಕೆ ತೋಟದ ಕೆಳಗೆ ಬೆಳಕು ಎಲ್ಲಿಂದ ತರೋದು? ಎಲೆ ಅಂಗೈಗಿಂತ ಅಗಲ, ಕರೆ ಮಾತ್ರ ಹುಡುಕಬೇಕು. ಹಳೇ ಮಲ್ಲಿಸರ ಆ ನೆರಳಿಗೆ ಒಗ್ಗಿಕೊಂಡೇ ಬೆಳೆದದ್ದು. ಹೊಸದನ್ನು ನೆಡಿ, ಬೇಡ ಅನ್ನುವುದಿಲ್ಲ. ಹಳೆಯದನ್ನು ಪೂರ್ತಿ ಕೀಳಬೇಡಿ.

ಗುಡ್ಡದ ತೋಟ, ಯಲ್ಲಾಪುರ

ಭಾವಾ, ಪ್ರತಿ ಸಲ ಈ ವೇದಿಕೆಯಲ್ಲಿ ಪಣಿಯೂರನ್ನು ಬೈಯ್ಯೋದು ನಿಮಗೆ ರೂಢಿ ಆಗಿದೆ. ನಮ್ಮದು ಗುಡ್ಡದ ಇಳಿಜಾರು. ಮೆಣಸು ಹಬ್ಬಿಸಿದ್ದು ಕಾಡುಮರಕ್ಕೆ ಮತ್ತೆ ಸಿಲ್ವರ್ ಓಕಿಗೆ. ಮಳೆಗಾಲಕ್ಕೆ ಮುಂಚೆ ಕೊಂಬೆ ಸವರಿ ಬೆಳಕು ಬಿಡುತ್ತೇವೆ. ಅಲ್ಲಿ ಪಣಿಯೂರು ಬಗ್ಗಿ ಬೆಳೆಯುತ್ತದೆ. ಕಾಳು ದಪ್ಪ, ಮಾರಾಟದಲ್ಲಿ ಮಾತಿಲ್ಲ. ತೋಟಕ್ಕೆ ಸರಿಯಾದ ತಳಿ ನೆಡದೆ ತಳಿಯನ್ನು ಬೈದರೆ ಹೇಗೆ?

ಹಳೇ ತಳಿ ಉಳಿಸಬೇಕು, ಒಪ್ಪಿದೆ. ಆದರೆ ಅದರ ಖರ್ಚು ಯಾರು ಕೊಡ್ತಾರೆ? ವರ್ಷ ಬಿಟ್ಟು ವರ್ಷ ಬೆಳೆ ಕೊಡುವ ಬಳ್ಳಿಗೂ ಗೊಬ್ಬರ ಅಷ್ಟೇ, ಆಳಿನ ಕೂಲಿ ಅಷ್ಟೇ. ಏಣಿ ಹತ್ತಿ ಮೆಣಸು ಕೊಯ್ಯುವವರು ಸಿಗೋದೇ ಕಷ್ಟ. ಸಿಕ್ಕಿದ ದಿನ ಕರೆ ಉದ್ದ ಇದ್ದರೆ ಕೊಯ್ಲು ಬೇಗ ಮುಗಿಯುತ್ತದೆ. ಸಣ್ಣ ಕರೆಯ ಬಳ್ಳಿಯಲ್ಲಿ ಅದೇ ಆಳು ಅದೇ ಹೊತ್ತಿನಲ್ಲಿ ಅರ್ಧ ಬುಟ್ಟಿ ತುಂಬಿಸುತ್ತಾನೆ.

ತೋಟದ ದಾರಿ, ಶಿರಸಿ

ಕೊಯ್ಲಿನ ಮಾತು ನಿಜ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗುಡ್ಡದ ಮಾತು ಗುಡ್ಡಕ್ಕೆ. ಕಣಿವೆಯ ತೋಟದವರು ನರ್ಸರಿಯಲ್ಲಿ ಕೊಟ್ಟದ್ದನ್ನು ಕಣ್ಣು ಮುಚ್ಚಿ ತರುತ್ತಾರೆ. 'ಯಾವ ತಳಿ' ಅಂತ ಕೇಳಿದರೆ 'ಒಳ್ಳೇ ತಳಿ' ಅಂತಾರೆ. ಅದು ನನ್ನ ತಕರಾರು.

ಇನ್ನು ಸೊರಗು ರೋಗ. ಅದು ಯಾವ ತಳಿಯ ಮುಖವನ್ನೂ ನೋಡುವುದಿಲ್ಲ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಫೈಟೊಫ್ತೊರ ಅನ್ನುವ ರೋಗಾಣು ಹತ್ತುತ್ತದೆ. ಹಸಿರಾಗಿದ್ದ ಬಳ್ಳಿ ಎಲೆ ಉದುರಿಸಿ ಕೆಲವೇ ವಾರಗಳಲ್ಲಿ ಒಣಗಿ ನಿಲ್ಲುತ್ತದೆ. ಮಳೆ ಹಿಡಿಯುವ ಮುಂಚೆ ಒಂದು ಸಲ, ಆಗಸ್ಟ್ ಹೊತ್ತಿಗೆ ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೆಯಲೇಬೇಕು. ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಕಾಲುವೆ ಬಿಡಿಸಿ ನೀರು ಹರಿಸದಿದ್ದರೆ ಅದೂ ವ್ಯರ್ಥ. ಈಗ ಕೆಲವರು ಬ್ರೆಜಿಲ್ ಕಡೆಯ ಕಾಡು ಹಿಪ್ಪಲಿ ಬೇರಿನ ಮೇಲೆ ನಮ್ಮ ಮೆಣಸನ್ನು ಕಸಿ ಕಟ್ಟುತ್ತಾರೆ. ಜೌಗು ಜಾಗಕ್ಕೆ ತಾಳುತ್ತದೆ. ಬೇಸಿಗೆಯಲ್ಲಿ ಅದಕ್ಕೆ ನೀರು ತಪ್ಪಿಸುವ ಹಾಗಿಲ್ಲ.

ಎಲೆಬಳ್ಳಿ

ಹಳೇ ತಳಿ ಯಾಕೆ ಬೇಕು ಅನ್ನೋದಕ್ಕೆ ಒಂದು ಮಾತು ಸೇರಿಸಲೇ? ಕಾಳುಮೆಣಸಿನ ತವರು ನಮ್ಮ ಪಶ್ಚಿಮ ಘಟ್ಟ. ಶಿರಸಿ, ಸಿದ್ದಾಪುರದ ಕಾನುಗಳಲ್ಲಿ ಕಾಡುಮೆಣಸು ಇನ್ನೂ ತಾನೇ ಬೆಳೆಯುತ್ತದೆ. ಹಿಂದೆ 'ಮೆಣಸಿನ ಕಾನು' ಅಂತಲೇ ಇತ್ತು. ಕಾನು ಕಡಿಯದೆ, ಅದರೊಳಗಿನ ಬಳ್ಳಿಯನ್ನೇ ನೋಡಿಕೊಂಡು ಕೊಯ್ಯುತ್ತಿದ್ದರು.

ಕಾಡಿನ ಬಳ್ಳಿಗಳಲ್ಲಿ ಸಾಮಾನ್ಯವಾಗಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ತೋಟದ ಬಳ್ಳಿಯಲ್ಲಿ ಒಂದೇ ಹೂವಿನಲ್ಲಿ ಎರಡೂ ಇರುತ್ತವೆ. ಯಾವುದೋ ಕಾಲದ ರೈತರು ಕಾಳು ಚೆನ್ನಾಗಿ ಕಟ್ಟುವ ಬಳ್ಳಿಯನ್ನೇ ಹುಡುಕಿ ಹುಡುಕಿ ತಂದಿದ್ದಕ್ಕೆ ಹೀಗಾಗಿದೆ. ಮಳೆಹನಿ ಕರೆಯ ಮೇಲಿಂದ ಕೆಳಗೆ ಇಳಿಯುವಾಗ ಪರಾಗ ಹರಡುತ್ತದೆ. ಅದಕ್ಕೇ ಹೂವಿನ ಹೊತ್ತಿಗೆ ಮಳೆ ಕೈಕೊಟ್ಟರೆ ಅರ್ಧ ಕರೆ ಬೋಳು. ರೋಗ ತಡೆಯುವ ಗುಣ ಬೇಕಾದಾಗ ಸಂಶೋಧಕರು ಕಾಡಿನ ಬಳ್ಳಿ, ಹಳೇ ಬಳ್ಳಿಗಳ ಕಡೆಗೇ ಬರುತ್ತಾರೆ. ಕಿತ್ತು ಹಾಕಿದ ಮೇಲೆ ಎಲ್ಲಿಗೆ ಬರೋದು?

ಪೇಟೆ ಲೆಕ್ಕ, ಶಿರಸಿ

ಮಂಡಿಯಲ್ಲಿ ಕೆಲಸ ಮಾಡಿದವನು ನಾನು. ತಳಿಯ ಹೆಸರು ಹೇಳಿ ಯಾರೂ ಮೆಣಸು ಮಾರುವುದಿಲ್ಲ, ಯಾರೂ ಕೇಳುವುದೂ ಇಲ್ಲ. ನೋಡುವುದು ಮೂರು: ಗಾತ್ರ, ಭಾರ, ಒಣಗಿದ ಬಗೆ. ಲೀಟರ್ ಅಳತೆಗೆ ಕಾಳು ತುಂಬಿ ತೂಗುತ್ತಾರೆ. 550 ಗ್ರಾಂ ಬಂದರೆ ಒಳ್ಳೆಯ ಮಾಲು. 500ಕ್ಕೂ ಕೆಳಗೆ ಬಂದರೆ ಜಳ್ಳು ಜಾಸ್ತಿ ಅಂತ ಅರ್ಥ. ರಫ್ತಿನಲ್ಲಿ ತಲಚೇರಿ ಅಂತ ಒಂದು ದರ್ಜೆ ಇದೆ. ಜನ ಅದನ್ನು ತಳಿ ಅಂತ ತಿಳಿದಿದ್ದಾರೆ, ಹಾಗಲ್ಲ. 4.25 ಮಿಲಿಮೀಟರ್ ಜರಡಿಯಲ್ಲಿ ನಿಂತ ದಪ್ಪ ಕಾಳಿಗೆ ಆ ಹೆಸರು. 4.75ರ ಮೇಲೆ ನಿಂತರೆ ಇನ್ನೂ ಮೇಲಿನ ದರ್ಜೆ.

ಒಣಗಿಸುವುದರಲ್ಲಿ ನಮ್ಮವರು ಎಡವುವುದು ಜಾಸ್ತಿ. ಕರೆಯಲ್ಲಿ ಒಂದೆರಡು ಕಾಳು ಕೆಂಪಾದಾಗ ಕೊಯ್ಯಬೇಕು. ಕಾಳು ಬಿಡಿಸಿ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಕಪ್ಪು ಹೊಳಪು ಬರುತ್ತದೆ, ಬೇಗ ಒಣಗುತ್ತದೆ. ತೇವಾಂಶ ಶೇಕಡಾ 11ರ ಒಳಗೆ ಬರಬೇಕು. ಇಲ್ಲದಿದ್ದರೆ ಮಳೆಗಾಲಕ್ಕೆ ಬೂಸ್ಟು. 100 ಕಿಲೋ ಹಸಿ ಕಾಳಿಗೆ ಹೆಚ್ಚುಕಡಿಮೆ 33 ಕಿಲೋ ಒಣ ಮೆಣಸು ಸಿಗುತ್ತದೆ.

ಕುಮಟಾದ ಅಕ್ಕಾ, ನೀವು ಹೊರಗಿನಿಂದ ಕೊಳ್ಳುವುದಿದ್ದರೆ ಪಪ್ಪಾಯಿ ಬೀಜದ ಬಗ್ಗೆ ಎಚ್ಚರ. ಒಂದು ಲೋಟ ನೀರಿಗೆ ಹಾಕಿ. ತುಂಬಿದ ಮೆಣಸು ಮುಳುಗುತ್ತದೆ, ಪಪ್ಪಾಯಿ ಬೀಜ ತೇಲುತ್ತದೆ. ಜಳ್ಳು ಕಾಳೂ ತೇಲುತ್ತದೆ, ಹಾಗಾಗಿ ತೇಲಿದ್ದನ್ನು ಬೆರಳಲ್ಲಿ ಒಡೆದು ಮೂಸಿ ನೋಡಿ. ಇನ್ನೊಂದು, ಈಗ ಜಗತ್ತಿನಲ್ಲಿ ಎಲ್ಲರಿಗಿಂತ ಜಾಸ್ತಿ ಬೆಳೆಯುವುದು ವಿಯೆಟ್ನಾಂ. ಅಲ್ಲಿನ ಮಾಲು ಅಗ್ಗಕ್ಕೆ ಒಳಗೆ ಬರುತ್ತದೆ ಅಂತ ಗಲಾಟೆ ಆಗಿ, 2017ರ ಡಿಸೆಂಬರಿನಲ್ಲಿ ಸರ್ಕಾರ ಆಮದಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಿತು. ಪುಡಿ ಮಾಡಿದ ಮೇಲೆ ಯಾವ ದೇಶದ್ದು ಅಂತ ಯಾರು ಹೇಳ್ತಾರೆ? ನೀವು ಇಡಿ ಕಾಳನ್ನೇ ಮಾರಿ.

ಕರಾವಳಿ ಅಡುಗೆ, ಕುಮಟಾ

ಅಬ್ಬಾ, ಚೀಟಿ ಕೇಳಿದರೆ ಗ್ರಂಥ ಸಿಕ್ಕಿತು. ನಮ್ಮ ಕಾಳೆಲ್ಲ ಸಂಘದವರ ತೋಟದ್ದೇ. ಉಪ್ಪುನೀರಿಗೆ ನಿಂಬೆರಸ ಹಾಕಿದ್ದೇವೆ ಅಕ್ಕಾ.

ಬಿಳಿ ಕಾಳಿನ ಬಗ್ಗೆ ಯಾರೂ ಹೇಳಲಿಲ್ಲ. ಅದು ಬೇರೆ ಬಳ್ಳಿಯದೇ ಅಂತ ಗಿರಾಕಿಗಳು ದಿನಾ ಕೇಳುತ್ತಾರೆ. ನಮ್ಮದಕ್ಕೆ ಸ್ವಲ್ಪ ವಾಸನೆ ಇದೆ ಅಂತಲೂ ಒಬ್ಬರು ಹೇಳಿದರು.

ಅಪ್ಪೆಹುಳಿ, ಸಿದ್ದಾಪುರ

ಬೇರೆ ಬಳ್ಳಿ ಅಲ್ಲ. ಬೋಳಕಾಳು ಅಂತೀವಿ ನಾವು. ಅದೇ ಬಳ್ಳಿಯಲ್ಲಿ ಪೂರ್ತಿ ಹಣ್ಣಾಗಲು ಬಿಡಬೇಕು. ಪಿಕಳಾರ ಹಕ್ಕಿಗಳು ಬಿಟ್ಟರೆ ನಮಗೆ. ಕೆಂಪು ಹಣ್ಣನ್ನು ಗೋಣಿಚೀಲದಲ್ಲಿ ಕಟ್ಟಿ ಹರಿಯುವ ನೀರಿನಲ್ಲಿ ಒಂದು ವಾರ ಬಿಡಬೇಕು. ಸಿಪ್ಪೆ ಕೊಳೆತು ಮೆತ್ತಗಾಗುತ್ತದೆ. ಆಮೇಲೆ ಉಜ್ಜಿ, ತೊಳೆದು, ಬಿಸಿಲಿಗೆ ಹಾಕಬೇಕು. ತೊಟ್ಟಿಯ ನಿಂತ ನೀರಿನಲ್ಲಿ ನೆನೆಸಿದರೆ ಆ ವಾಸನೆ ಬಂದೇ ಬರುತ್ತದೆ. ಹಳ್ಳ ಹತ್ತಿರ ಇಲ್ಲದಿದ್ದರೆ ದಿನಾ ನೀರು ಬದಲಿಸಿ, ಬೇಸರ ಮಾಡಬೇಡಿ.

ಪರಿಮಳ ಹೆಚ್ಚಾಗಿ ಸಿಪ್ಪೆಯಲ್ಲೇ ಇರುವುದರಿಂದ ಬೋಳಕಾಳಿನಲ್ಲಿ ಖಾರ ಇರುತ್ತದೆ, ಘಮ ಕಡಿಮೆ. ಬಿಳಿ ಸಾರು, ಮಜ್ಜಿಗೆ, ಕಷಾಯದ ಪುಡಿಗೆ ಚಂದ. ಅದಕ್ಕೆ ದರ ಜಾಸ್ತಿ ಯಾಕೆ ಅಂತ ಕೇಳಿದರೆ ಹೇಳಿ: ತೂಕ ಇನ್ನೂ ಕಡಿಮೆ ಸಿಗುತ್ತದೆ, ಕೆಲಸ ಇಮ್ಮಡಿ.

ಬಂಗಡೆ ಸಾರು, ಕಾರವಾರ

ಈಗ ನನ್ನ ಸರದಿ. ತೆಪ್ಪಳಕ್ಕೆ ಕನ್ನಡದಲ್ಲಿ ಜುಮ್ಮನಕಾಯಿ ಅಂತ ಚಂದದ ಹೆಸರಿದೆ. ಬಾಯಿಗೆ ಹಾಕಿದರೆ ಗೊತ್ತಾಗುತ್ತದೆ, ನಾಲಿಗೆ ಜುಂ ಅನ್ನುತ್ತದೆ. ಖಾರ ಅಲ್ಲ ಅದು. ತುಟಿ ಮರಗಟ್ಟಿದ ಹಾಗೆ, ಸಣ್ಣಗೆ ಕರೆಂಟು ಹೊಡೆದ ಹಾಗೆ. ಚೀನಾದವರ ಸಿಚುವಾನ್ ಪೆಪ್ಪರ್ ಅಂತ ಈಗ ಪೇಟೆಯಲ್ಲಿ ದುಬಾರಿಗೆ ಮಾರುತ್ತಾರಲ್ಲ, ಅದೂ ಇದೂ ಒಂದೇ ಕುಲ. ನಮ್ಮ ಗುಡ್ಡದಲ್ಲಿ ಮೈತುಂಬ ಮುಳ್ಳಿರುವ ದೊಡ್ಡ ಮರ. ಮಳೆಗಾಲದ ಕೊನೆಗೆ ಹಸಿರು ಗೊಂಚಲು ಸಂತೆಗೆ ಬರುತ್ತದೆ.

ಬಳಸುವುದು ಸಿಪ್ಪೆ ಮಾತ್ರ. ಒಳಗಿನ ಕರಿ ಬೀಜ ತೆಗೆದು ಬಿಸಾಡಬೇಕು. ಬೀಜ ಸಮೇತ ಬಾಟಲಿಗೆ ತುಂಬಿದ್ದರೆ ದಯವಿಟ್ಟು ಬಿಡಿಸಿ ಅಕ್ಕಾ, ಹಲ್ಲಿಗೆ ಸಿಕ್ಕರೆ ಊಟ ಕೆಡುತ್ತದೆ. ಬಂಗಡೆ, ತಾರ್ಲೆ ಥರದ ಎಣ್ಣೆ ಮೀನಿಗೇ ಇದು. ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ ಅರೆದು, ಮುರುಗಲು ಸಿಪ್ಪೆ ಹಾಕಿ ಸಾರು ಕುದಿಸಿ. ಮೀನು ಬೆಂದ ಮೇಲೆ ತೆಪ್ಪಳವನ್ನು ಸ್ವಲ್ಪ ಜಜ್ಜಿ, ನೀರಿನ ಜೊತೆ ಮೇಲಿಂದ ಬಿಡಬೇಕು. ಮಸಾಲೆ ಜೊತೆ ನುಣ್ಣಗೆ ಅರೆದರೆ ಕಹಿ. ಪಾಪ್ಲೆಟ್, ಕಾಣೆಗೆ ಹಾಕುವವರನ್ನು ನಾನು ನಮ್ಮ ಮನೆಗೆ ಕರೆಯುವುದಿಲ್ಲ.

ಒಣಮೆಣಸು ಅಂದಾಗ ಇನ್ನೊಂದು ಮಾತು. ಸಾರಿಗೆ ಬಣ್ಣ ಬೇಕು, ಹೊಟ್ಟೆ ಉರಿಯಬಾರದು ಅಂದರೆ ಬ್ಯಾಡಗಿ. ಅದಕ್ಕೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಕಾರವಾರದ ಗಡಿ ದಾಟಿದರೆ ಕಾಣಕೋಣ, ಅಲ್ಲಿನ ಗುಡ್ಡದ ಇಳಿಜಾರಿನಲ್ಲಿ ಮಳೆ ನೀರಿಗೇ ಬೆಳೆಯುವ ಖೋಲಾ ಮೆಣಸಿನಕಾಯಿಗೂ 2019ರಲ್ಲಿ ಸಿಕ್ಕಿತು. ನಮ್ಮ ಕಡೆ ಅದನ್ನು ತರಿಸಿ ಉಪ್ಪಿನಕಾಯಿಗೆ ಇಟ್ಟುಕೊಳ್ಳುವವರಿದ್ದಾರೆ. ಎರಡನ್ನೂ ಬರೀ 'ಕೆಂಪು ಮೆಣಸು' ಅಂದರೆ ನಮ್ಮ ಅತ್ತೆ ಚೀಲ ವಾಪಸ್ ಕಳಿಸುತ್ತಾರೆ.

ಬೆಂಗಳೂರಲ್ಲಿ ಇದ್ದವ

ಇಲ್ಲಿ ಮಾಲಿನಲ್ಲಿ ನಾಲ್ಕು ಬಣ್ಣದ ಪೆಪ್ಪರ್ ಅಂತ ಬಾಟಲಿ ಇದೆ. ಕಪ್ಪು, ಬಿಳಿ, ಹಸಿರು ಸರಿ, ಗುಲಾಬಿ ಯಾವ ತಳಿ? ನಿಮ್ಮ ಅಂಗಡಿಗೂ ತರಿಸಿ ಅಕ್ಕಾ, ನೋಡಲು ಚಂದ.

ಎಲೆಬಳ್ಳಿ

ಮೆಣಸೇ ಅಲ್ಲ ಅದು. ದಕ್ಷಿಣ ಅಮೆರಿಕದ ಒಂದು ಮರದ ಹಣ್ಣು, ಗೇರು ಮತ್ತು ಮಾವಿನ ಕುಟುಂಬದ್ದು. ಗೇರು ಸೊನೆ ಆಗದವರಿಗೆ ಇದೂ ಆಗದಿರಬಹುದು, ಅಂಥವರು ದೂರ ಇರಲಿ. ಬಾಕಿ ಮೂರೂ ಒಂದೇ ಬಳ್ಳಿಯ ಕಾಳು. ಕೊಯ್ಯುವ ಹೊತ್ತು ಬೇರೆ, ಹದ ಮಾಡುವುದು ಬೇರೆ.

ಕರಾವಳಿ ಅಡುಗೆ, ಕುಮಟಾ

ಗುಲಾಬಿ ಬೇಡ ತಮ್ಮಾ, ಇರುವುದಕ್ಕೇ ಇಷ್ಟು ಜಗಳ.

ನಿನ್ನೆ ಸಂಘದ ಸಭೆಯಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಹೀಗೆ ಮಾಡುವ ಅಂತ ಆಯಿತು. ಕರಿ ಕಾಳಿಗೆ ದೊಡ್ಡ ಅಕ್ಷರದಲ್ಲಿ ಕಾಳುಮೆಣಸು, ಕೆಳಗೆ ಸಣ್ಣದಾಗಿ ಒಳ್ಳೆಮೆಣಸು, ಮಿರಿ. ಯಾರಿಗೂ ಬೇಜಾರಿಲ್ಲ. ತೋಟದ ಊರು ಮತ್ತು ತಳಿ ಗೊತ್ತಿದ್ದರೆ ಅದನ್ನೂ ಹಾಕುತ್ತೇವೆ. ಮಲ್ಲಿಸರದ ಕಾಳು ಒಬ್ಬರಲ್ಲಿ ಇದೆ, ಅದನ್ನು ಬೇರೆ ಬಾಟಲಿಗೇ ತುಂಬುತ್ತೇವೆ. ದರ ಸ್ವಲ್ಪ ಜಾಸ್ತಿ ಇಟ್ಟು ನೋಡುತ್ತೇವೆ, ಯಲ್ಲಾಪುರದ ಅಣ್ಣ ಕೇಳಿದ ಖರ್ಚಿನ ಪ್ರಶ್ನೆಗೆ ಗಿರಾಕಿ ಏನು ಹೇಳ್ತಾರೋ ಗೊತ್ತಾಗಲಿ. ಬಿಳಿ ಕಾಳಿಗೆ ಬೋಳಕಾಳು. ತೆಪ್ಪಳದ ಜೊತೆ ಜುಮ್ಮನಕಾಯಿ ಅಂತಲೂ, 'ಬೀಜ ತೆಗೆದದ್ದು' ಅಂತಲೂ. ಸೂಜುಮೆಣಸು, ಹಿಪ್ಪಲಿ ಇದ್ದ ಹಾಗೇ. ರಾಣಿಯ ಸಾಲು ಮಾಸ್ತರು ಬರೆದು ಕೊಡಬೇಕು, ಎರಡೇ ಸಾಲು, ದಯವಿಟ್ಟು ಮೂರನೆಯದು ಬೇಡ. ಪೆಪ್ಪರ್ ಅನ್ನುವುದನ್ನು ಕಾಳುಮೆಣಸು, ಬೋಳಕಾಳು, ಹಸಿ ಗೊಂಚಲು ಮತ್ತೆ ಹಿಪ್ಪಲಿಗೆ ಮಾತ್ರ ಇಂಗ್ಲಿಷಿನಲ್ಲಿ ಹಾಕುತ್ತೇವೆ.

ಅಚ್ಚಿನವನು ಅಕ್ಷರ ಜಾಸ್ತಿ ಆಯಿತು, ಚೀಟಿ ದೊಡ್ಡದು ಬೇಕು ಅಂತಿದ್ದಾನೆ. ಬಾಟಲಿಯೇ ಸಣ್ಣದಿದೆ, ನೋಡಬೇಕು.

ಗುಡ್ಡದ ತೋಟ, ಯಲ್ಲಾಪುರ

ಮಲ್ಲಿಸರ ಆ ದರಕ್ಕೆ ಹೋದರೆ ಇಲ್ಲಿ ತಿಳಿಸಿ. ಹೋದರೆ ಶಿರಸಿ ಭಾವನ ಹತ್ತಿರ ನಾನೇ ಬಳ್ಳಿ ಕೇಳುತ್ತೇನೆ.

ತೋಟದ ದಾರಿ, ಶಿರಸಿ

ಫೆಬ್ರವರಿ, ಮಾರ್ಚಿನಲ್ಲಿ ಬನ್ನಿ. ಬುಡದಿಂದ ನೆಲದ ಮೇಲೆ ಹರಿದಾಡುವ ಬಳ್ಳಿ ಕತ್ತರಿಸಿ ಕೊಡುತ್ತೇನೆ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಬೇರು ಬರಿಸಿಕೊಳ್ಳಿ. ಅಡ್ಡ ಕೊಂಬೆ ಕೇಳಬೇಡಿ, ಅದು ಮರ ಹತ್ತುವುದಿಲ್ಲ, ಕುಂಡದಲ್ಲಿ ಪೊದೆಯಾಗಿ ಕೂರುತ್ತದೆ. ಬೆಂಗಳೂರಿನವರಿಗೆ ಬೇಕಿದ್ದರೆ ಅದನ್ನು ಕೊಡುತ್ತೇನೆ.

ಬೆಂಗಳೂರಲ್ಲಿ ಇದ್ದವ

ನನಗೆ ಎರಡು ಇರಲಿ. ಬಾಲ್ಕನಿಯಲ್ಲಿ ಬೆಳಗಿನ ಬಿಸಿಲು ಮಾತ್ರ ಬರುತ್ತದೆ, ಸಾಕಾ?

ತೋಟದ ದಾರಿ, ಶಿರಸಿ

ಸಾಕು. ನೀರು ನಿಲ್ಲದ ಹಾಗೆ ನೋಡಿಕೊಳ್ಳಿ.